ಕೆಂಪು ಕಾರಿನ ಮುಂಗಾಲು ನೋವು

ರಗಳೆಗೆಲ್ಲ ಮೂಲ ಬಳೆಗಿಂತ ಚಿಕ್ಕದೊಂದು ರಬ್ಬರ್ ಉಂಗುರ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಬುಷ್. ಕಾರಿನ ಮುಂದಿನ ಚಕ್ರಗಳನ್ನು ಹಿಡಿದಿರುವ ಕಬ್ಬಿಣದ ತೋಳುಗಳ ಸಂದಿಯಲ್ಲಿ ಕೂತು, ರಸ್ತೆಯ ಗುದ್ದುಗಳನ್ನೆಲ್ಲ ತಾನೇ ತಿಂದು, ಒಳಗಿರುವವರ ಸೊಂಟ ಉಳಿಸುವುದು ಅದರ ಕೆಲಸ. ಕನ್ನಡಕದ ಅಂಗಡಿಯವರ ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ಆ ಬುಷ್‌ಗಳೆಲ್ಲ ಸವೆದು ಹಳೇ ಚಪ್ಪಲಿಯ ಹಿಮ್ಮಡಿಯಂತಾಗಿದ್ದವು. ಕಳೆದ ವಾರ ಅತ್ತೆಯನ್ನು ಹಲ್ಲಿನ ಡಾಕ್ಟರ ಬಳಿಗೆ ಕರೆದೊಯ್ಯುವಾಗ ಕಾರು ಒಂದು ಗುಂಡಿಗೆ ಇಳಿದು 'ಕುಂಯ್... ಕಿರ್ರ್... ಧಡ್!' ಎಂದಿತು. ಡಾಕ್ಟರು ಕೀಳಬೇಕಿದ್ದ ಹಲ್ಲು ದಾರಿಯಲ್ಲೇ ಅತ್ತೆಯ ಕೈಗೆ ಬಂತು.

ಅವತ್ತೇ ಹೆಂಡತಿ ತೀರ್ಪು ಕೊಟ್ಟಳು.

"ಭಾನುವಾರ ಸಂಜೆ ತನಕ ಟೈಮು. ನಾನೇ ಓಡಿಸಿ ನೋಡ್ತೀನಿ. ರಸ್ತೆ ತುದಿಗೆ ಹೋಗಿ ಬರೋದ್ರೊಳಗೆ ಅದು ಒಂದೇ ಒಂದ್ಸಲ ಎಡಕ್ಕೆ ಎಳೀಲಿ, ಒಂದೇ ಒಂದ್ಸಲ ಕುಂಯ್ ಅನ್ಲಿ. ಗುಜರಿಗೆ!"

ಮದುವೆಗೂ ಮುಂಚೆ ಕೊಂಡಿದ್ದ ಕಾರು ಅದು. ಇರುವುದು ಎರಡೇ ಸೀಟು. ಮನೆಯಿಂದ ಅಂಗಡಿಗೆ ಹೋಗುವ ಆ ಸ್ವಲ್ಪ ಹೊತ್ತು, ಕನ್ನಡಕದವರ ಪಾಲಿಗೆ ಬದುಕಿನಲ್ಲಿ ಉಳಿದಿದ್ದ ಏಕೈಕ ಸ್ವಂತ ರಾಜ್ಯ. ಬಿಟ್ಟುಕೊಡುವುದುಂಟೇ? ಹೊಸ ಬುಷ್‌ಗಳನ್ನು ತರಿಸಿದರು. 'ಸಂಜೆ ತೆರೆಯುತ್ತದೆ' ಎಂದು ಅಂಗಡಿಗೆ ಬೋರ್ಡು ಹಾಕಿ, ಭಾನುವಾರ ಬೆಳಿಗ್ಗೆಯೇ ಅಂಗಳದಲ್ಲಿ ಕಾರಿನ ಮೂತಿಯನ್ನು ಜಾಕ್ ಮೇಲೆ ಎತ್ತಿ ನಿಲ್ಲಿಸಿದರು.

ಎಳ್ಳುಕಾಳಿನಷ್ಟು ಸ್ಕ್ರೂ ತಿರುಗಿಸಿ ಅಭ್ಯಾಸವಾಗಿದ್ದ ಕೈ ಅದು. ಇಲ್ಲಿನ ಒಂದೊಂದು ಬೋಲ್ಟೂ ಬೀಗರಂತೆ ಬಿಗುಮಾನದ್ದು. ಮೊದಲನೆಯದನ್ನು ಒಲಿಸುವಷ್ಟರಲ್ಲೇ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಕರೆಯದೆಯೇ ಬಂದು ನಿಂತರು. ಕಡ್ಡಿಯಂಥ ಮೈ, ಕಹಳೆಯಂಥ ದನಿ.

"ಬಲಕ್ಕೆ ತಿರುಗ್! ಬಲಕ್ಕೆ! ಅಯ್ಯೋ, ಅದು ಎಡ ಕಣ್ರೀ!"

"ಮೇಷ್ಟ್ರೇ, ನಾನು ಬಿಚ್ತಾ ಇದೀನಿ. ಬಿಗಿ ಮಾಡ್ತಾ ಇಲ್ಲ."

"ಏನಾದ್ರೂ ಇರ್ಲಿ, ಬೆನ್ನು ನೆಟ್ಟಗಿರ್ಲಿ!"

ಮಧ್ಯಾಹ್ನಕ್ಕೆ ಗುಜರಿಯವನೂ ಹಾಜರಾದ. ಗೇಟಿನೆದುರು ಲಾರಿ ನಿಲ್ಲಿಸಿ, ದಪ್ಪ ಸರಪಳಿಯನ್ನು ಹೆಗಲಿಗೆ ಹಾಕಿಕೊಂಡು, ಹೆಣ ಕಾಯುವವನಂತೆ ಮೆಟ್ಟಿಲ ಮೇಲೆ ಕೂತ.

"ಸಂಜೆಗೆ ಅಲ್ವೇನಪ್ಪಾ ಹೇಳಿದ್ದು?" ಎಂದರು ಕನ್ನಡಕದವರು.

"ಅವಸರ ಏನಿಲ್ಲ ಅಣ್ಣಾ, ನಿಧಾನಕ್ಕೆ ಮಾಡ್ಕೊಳ್ಳಿ. ಬಿಚ್ಚಿದ್ದನ್ನ ಹಾಗೇ ಬಿಟ್ಟರೂ ಪರ್ವಾಗಿಲ್ಲ. ನನಗೂ ಒಂದು ಕೆಲಸ ಕಮ್ಮಿ."

ಹೊಸ ಬುಷ್‌ಗಳು ಕೂತವು. ಉಳಿದದ್ದು ಸ್ಪ್ರಿಂಗು. ತೊಡೆಗಾತ್ರದ ಅದನ್ನು ಎರಡು ಉದ್ದನೆಯ ಕೊಕ್ಕೆಸ್ಕ್ರೂಗಳಿಂದ ಅಮುಕಿ ಹಿಡಿದು, ಜಾಗಕ್ಕೆ ತಂದು, ಕೂದಲೆಳೆಯಷ್ಟೇ ಕೂದಲೆಳೆಯಷ್ಟೇ ಸಡಿಲಿಸಬೇಕು. ಕೊಕ್ಕೆ ಜಾರಿತೋ, ಸ್ಪ್ರಿಂಗಿನ ಜತೆ ಹಲ್ಲು, ಮೂಗು, ಕನ್ನಡಕ ಎಲ್ಲವೂ ಹಾರುತ್ತವೆ. ಅವರು ಉಸಿರು ಬಿಗಿಹಿಡಿದು ತಿರುಗಿಸುತ್ತಿದ್ದರು. 'ಟಿಕ್' ಎಂದಿತು. ಒಂದು ಕೊಕ್ಕೆ ಕಂಡೂ ಕಾಣದಷ್ಟು ಸರಿಯಿತು.

"ಯಾರೂ ಅಲ್ಲಾಡ್ಬೇಡಿ," ಎಂದು ಪಿಸುಗುಟ್ಟಿದರು.

ಗುಜರಿಯವನ ಸರಪಳಿಯೂ ಸದ್ದಡಗಿತು. ಆ ನಿಶ್ಶಬ್ದದಲ್ಲಿ ಡ್ರಿಲ್ ಮೇಷ್ಟ್ರ ಮೂಗು ಮೆಲ್ಲಗೆ ಅರಳತೊಡಗಿತು.

"ನನಗೆ... ಸೀನು..."

"ತಡ್ಕೊಳ್ಳಿ ಮೇಷ್ಟ್ರೇ! ದಮ್ಮಯ್ಯ!"

"ಇದು... ಆರ್ಡರ್ ಹೇಳಿದ್ರೆ... ಕೇಳಲ್ಲ... ಹಾ... ಹಾ... ಆಕ್ಷೀ!"

'ಠಣ್!'

ಕನ್ನಡಕದವರು ನೆಲಕ್ಕೆ ಬಿದ್ದು ಕಣ್ಣು ಮುಚ್ಚಿದರು. ಎಷ್ಟೋ ಹೊತ್ತಿಗೆ ತೆರೆದು ನೋಡಿದರೆ ಮೂಗು ಇತ್ತು. ಸ್ಪ್ರಿಂಗು ತನ್ನ ಗುಳಿಯಲ್ಲಿ ಹಸುಗೂಸಿನಂತೆ ಪವಡಿಸಿತ್ತು. ಎದ್ದು ಒಳಗೆ ಹೋಗಿ, ಒಂದು ಚೆಂಬು ನೀರಿನಲ್ಲಿ ಅರ್ಧ ಕುಡಿದು ಅರ್ಧ ಅಂಗಿಗೆ ಕುಡಿಸಿ ಸುಧಾರಿಸಿಕೊಂಡರು.

ಹೊರಗೆ ಬಂದಾಗ ಡ್ರಿಲ್ ಮೇಷ್ಟ್ರು ಕೈ ಒರೆಸಿಕೊಳ್ಳುತ್ತಿದ್ದರು. ಚಕ್ರ ಹಾಕಿ, ಜಾಕ್ ಇಳಿಸಿಯೂ ಆಗಿತ್ತು.

"ಎಲ್ಲಾ ನಟ್ಟೂ ಜೀವ ಹೋಗೋ ಹಾಗೆ ಬಿಗಿ ಮಾಡಿದೀನಿ! ನನಗೆ ಸಡಿಲ ಅನ್ನೋದೇ ಆಗಲ್ಲ ನೋಡಿ."

ಜಾಕ್ ಇಳಿದಿದ್ದರೂ ಕಾರಿನ ಮೂತಿ, ಸೀನಲು ಹೊರಟ ಮೇಷ್ಟ್ರ ಮೂಗಿನಂತೆಯೇ ಆಕಾಶ ನೋಡುತ್ತಿತ್ತು.

"ಅಯ್ಯೋ ಮೇಷ್ಟ್ರೇ! ಚಕ್ರ ಜೋತಾಡ್ತಿರೋವಾಗ ಬಿಗಿ ಮಾಡ್ಬಾರ್ದು! ರಬ್ಬರ್ ತಿರುಚ್ಕೊಂಡು ನಾಳೆಗೇ ಹರಿದುಹೋಗುತ್ತೆ. ಕಾರು ನೆಲದ ಮೇಲಿರ್ಬೇಕು, ಎರಡು ಸೀಟಲ್ಲೂ ಜನ ಕೂತಿರ್ಬೇಕು, ಆಮೇಲೆ ಬಿಗಿ!"

ಬಿಸಿಲು ಇಳಿಯುತ್ತಿತ್ತು. ಯಾರನ್ನು ಕೂರಿಸುವುದು? ಅಷ್ಟು ತಗ್ಗಿನ ಸೀಟಿಗೆ ಮೇಷ್ಟ್ರ ಮಂಡಿ ಮಡಚಲಿಲ್ಲ. ಗುಜರಿಯವನು, "ನಾನೇ ಕೂತು ನನ್ನ ವ್ಯಾಪಾರ ನಾನೇ ಕೆಡಿಸ್ಕೊಳ್ಲಾ?" ಎಂದ. ಉಳಿದವರು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ, ಅವಳ ಹಿಂದೆ ಅತ್ತೆ.

"ನಾವ್ಯಾಕೆ ಕೂರ್ಬೇಕು?" ಎಂದಳು ಹೆಂಡತಿ.

ಮುಳುಗುವವರಂತೆ ಕನ್ನಡಕದವರು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು. "ಟೈಲರ್ ಹತ್ರ ಅಳತೆ ಕೊಡಲ್ವಾ, ಹಾಗೆ! ಯಾರ ಭಾರಕ್ಕೆ ಬಿಗಿ ಮಾಡ್ತೀವೋ ರಬ್ಬರ್ ಅವರಿಗೇ ಒಗ್ಗಿಬಿಡುತ್ತೆ. ನೀವಿಬ್ರು ಕೂತ್ರೆ ನಿಮ್ಮಿಬ್ರ ಮೈಗೆ ಹೊಲಿದ ಹಾಗೆ ಆಗುತ್ತೆ. ಬೇರೆಯವರ ಭಾರ ಬಿದ್ರೆ ಅದು ಮುನಿಸ್ಕೊಂಡು ಹರ್ಕೊಂಡುಬಿಡುತ್ತೆ, ಅಷ್ಟು ಸೂಕ್ಷ್ಮ!"

"ಮೈಗೆ ಹೊಲಿದ ಹಾಗೇನಾ?" ಎಂದು ಅತ್ತೆ ಚಪ್ಪಲಿ ಮೆಟ್ಟಿಯೇಬಿಟ್ಟರು.

ಚಕ್ರಗಳ ಕೆಳಗೆ ಮರದ ದಿಮ್ಮಿ ಕೊಟ್ಟು, ತಾಯಿ ಮಗಳನ್ನು ಕೂರಿಸಿ, ಕನ್ನಡಕದವರು ಅಂಗಾತ ಮಲಗಿ ಅಡಿಗೆ ಜಾರಿದರು. ಮೇಷ್ಟ್ರು ಬಿಗಿದಿದ್ದನ್ನೆಲ್ಲ ಸಡಿಲಿಸಿ, ಮತ್ತೆ ಒಂದೊಂದಾಗಿ ಬಿಗಿಯುತ್ತ ಬಂದರು. ಮೇಲಿನಿಂದ ಅತ್ತೆಯ ದನಿ ಕೇಳಿಸಿತು.

"ಅಳಿಯಂದ್ರೇ, ಈ ಕೋಲು ಮೊಣಕಾಲಿಗೆ ತಾಗ್ತಾ ಇದೆ. ಕೆಳಗೆ ಇಳಿಸ್ಲಾ?"

"ಅತ್ತೇ! ಅದು ಹ್ಯಾಂಡ್‌ಬ್ರೇಕು! ಅದು ಕೆಳಗಾದ್ರೆ ನಾನು ಕೆಳಗೇ ಉಳೀತೀನಿ!"

ಅತ್ತೆ ಕೈ ತೆಗೆದರು. ಕನ್ನಡಕದವರು ಕೊನೆಯ ನಟ್ಟನ್ನು ಬಿಗಿದು ಹೊರಬಂದರು.

ದಿಮ್ಮಿ ತೆಗೆದದ್ದಾಯಿತು. ಹೆಂಡತಿ ಇಳಿಯದೆಯೇ ಎಂಜಿನ್ ಚಾಲೂ ಮಾಡಿ, ಅತ್ತೆಯ ಸಮೇತ ಗೇಟು ದಾಟಿದಳು. ಕೆಂಪು ಕಾರು ರಸ್ತೆ ತುದಿ ತಲುಪಿತು. ಅಲ್ಲೇ ತಿರುಗಬೇಕಿದ್ದದ್ದು ತಿರುವಿನಲ್ಲಿ ಮರೆಯಾಯಿತು.

ಕಾದರು. ಬರಲಿಲ್ಲ. ಇನ್ನೂ ಕಾದರು. ಕನ್ನಡಕದವರ ಕಣ್ಣಮುಂದೆ ಮುರಿದ ತೋಳು, ಉರುಳಿದ ಚಕ್ರ, ಅತ್ತೆಯ ಉಳಿದ ಹಲ್ಲುಗಳು ಸಾಲಾಗಿ ಹಾದುಹೋದವು.

"ಶಬ್ದ ಬರ್ತಿಲ್ಲ ಅಂದ್ರೆ ಎರಡೇ ಅರ್ಥ ಅಣ್ಣಾ," ಎಂದ ಗುಜರಿಯವನು ಸರಪಳಿ ಬಿಚ್ಚುತ್ತ. "ಒಂದೋ ಪೂರ್ತಿ ಸರಿಯಾಗಿದೆ, ಇಲ್ಲಾ ಪೂರ್ತಿ ಮುಗಿದಿದೆ."

ಕೊನೆಗೂ ಕಾರು ಬಂತು, ಬೆಣ್ಣೆಯ ಮೇಲೆ ಜಾರಿದಂತೆ. ಇಬ್ಬರ ತಲೆಗೂದಲೂ ಗಾಳಿಗೆ ಪೊರಕೆಯಾಗಿತ್ತು. ಮುಖ ಮಾತ್ರ ಮದುವಣಗಿತ್ತಿಯರದು.

"ಕುಂಯ್ ಅಂತಾ?" ಕನ್ನಡಕದವರ ಗಂಟಲೇ ಕುಂಯ್ ಅಂದಿತು.

"ಉಸಿರೇ ಇಲ್ಲ. ಕೈ ಬಿಟ್ಟರೂ ನೆಟ್ಟಗೆ ಹೋಯ್ತು ಕಣ್ರೀ! ಗುಜರಿಗೆ ಕೊಡೋ ಮಾತೇ ಇಲ್ಲ."

ಕನ್ನಡಕದವರು ಡ್ರಿಲ್ ಮೇಷ್ಟ್ರನ್ನು ತಬ್ಬಿಕೊಂಡೇಬಿಟ್ಟರು. ಆಮೇಲೆ ಕಣ್ಣೊರೆಸಿಕೊಂಡು ಕಾರಿನ ಬಾಗಿಲಿಗೆ ಕೈ ಹಾಕಿದರು. "ಸರಿ, ಇಳೀರಿ. ಅಂಗಡಿ ಬಾಗಿಲು ತೆಗೀಬೇಕು."

ಹೆಂಡತಿ ಒಳಗಿನಿಂದ ಚಿಲಕ ಒತ್ತಿದಳು.

"ನೀವು ಕೂರೋದಾ? ಬೇರೆಯವರ ಭಾರ ಬಿದ್ರೆ ಹರ್ಕೊಳ್ಳುತ್ತೆ ಅಂದ್ರಲ್ಲ!"

"ಅದು... ಅಷ್ಟೊಂದೇನೂ ಅಲ್ಲ..."

"ಅಂದ್ರೆ? ನಮ್ಮನ್ನ ಕೂರಿಸೋಕೆ ಸುಳ್ಳು ಹೇಳಿದ್ರಾ?"

ಕನ್ನಡಕದವರು ಹೆಂಡತಿಯ ಮುಖ ನೋಡಿದರು. ಸ್ಪ್ರಿಂಗಿನ ಮುಂದೆ ಕೂತಾಗಲೂ ಅಷ್ಟು ಭಯವಾಗಿರಲಿಲ್ಲ.

"ಇಲ್ಲ ಇಲ್ಲ. ನಿಜಾನೇ."

"ನೋಡಮ್ಮಾ, ನಿಜವಂತೆ. ನಾಳೆಯಿಂದ ನಾನು ಆಫೀಸಿಗೆ ಇದರಲ್ಲೇ."

"ನಾನೂ ಬರ್ತೀನಿ ಕಣೇ," ಎಂದರು ಅತ್ತೆ. "ನೀನೊಬ್ಳೇ ಹೋದ್ರೆ ಒಂದು ಕಡೆ ವಾಲುತ್ತಲ್ಲ! ಅಳಿಯಂದ್ರು ಇಷ್ಟು ಕಷ್ಟಪಟ್ಟು ಅಳತೆ ಮಾಡಿದಾರೆ, ಕೆಡಿಸ್ಬಾರ್ದು."

ಕಾರು ಇನ್ನೊಂದು ಸುತ್ತಿಗೆ ಸದ್ದಿಲ್ಲದೆ ಜಾರಿಹೋಯಿತು. ಗುಜರಿಯವನು ಸರಪಳಿ ಸುತ್ತಿ ಲಾರಿಗೆ ಎಸೆದ. ಅಂಗಳದ ನಡುವೆ ಎಣ್ಣೆ, ಧೂಳು, ತುಕ್ಕು ಮೆತ್ತಿಕೊಂಡು ನಿಂತಿದ್ದ ಕನ್ನಡಕದವರನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದ.

"ಹತ್ತಿ ಅಣ್ಣಾ," ಎಂದ. "ಖಾಲಿ ಲಾರಿ ಹೋಗೋದು ಬೇಡ. ಅಂಗಡಿ ಹತ್ರ ಇಳಿಸ್ತೀನಿ."