ತಂಗಿಯ ಕಾಲುಗಳ ವರ್ಗಾವಣೆ

ನಮ್ಮ ಊರಿನ ವಾಹನ ಸುರಕ್ಷತಾ ಕಚೇರಿಯ ಪ್ರಕಾರ ನನ್ನ ತಂಗಿಯ ಎರಡು ಕಾಲುಗಳು ಒಂದು ಸೈಕಲ್ಲಿನ ಹಿಂಬದಿ ಬ್ರೇಕು. ಇದರಲ್ಲಿ ಕಚೇರಿಯವರ ತಪ್ಪೇನೂ ಇಲ್ಲ. ಹಾಗೆ ಹೇಳಿ ಬರೆಸಿದವಳು ನಾನೇ.

ನಾನು ಫಿಕ್ಸೆಡ್ ಗೇರ್ ಸೈಕಲ್ಲು ಮಾಡಿ ಮಾರುತ್ತೇನೆ. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಬೇರೆ ಸೈಕಲ್ಲಿನಲ್ಲಿ ತುಳಿಯುವುದನ್ನು ಬಿಟ್ಟರೂ ಚಕ್ರ ತನ್ನ ಪಾಡಿಗೆ ಟಿಕ್ ಟಿಕ್ ಎನ್ನುತ್ತ ಓಡುತ್ತದೆ. ಇದರಲ್ಲಿ ಆ ಸೋಮಾರಿತನಕ್ಕೆ ಅವಕಾಶವಿಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತದೆ, ಪೆಡಲಿನ ಜೊತೆ ಕಾಲೂ ತಿರುಗುತ್ತದೆ. ಕಾಲನ್ನು ಬಿಗಿಹಿಡಿದರೆ ಹಿಂದಿನ ಚಕ್ರ ನಿಧಾನವಾಗುತ್ತದೆ. ಕೆಡುವ ಸಾಮಾನು ಕಡಿಮೆ, ದಿನಾ ಓಡಾಡುವವರಿಗೆ ಹೇಳಿ ಮಾಡಿಸಿದ್ದು. ಬಣ್ಣ ನೋಡಿ ಆರಿಸುವವರಿಗೆ ನಾನು ಮಾರುವುದಿಲ್ಲ. "ಮನೆ ಏರಿನಲ್ಲಿದೆಯೋ, ಇಳಿಜಾರಿನಲ್ಲಿದೆಯೋ?" ಎಂದು ಮೊದಲು ಕೇಳುತ್ತೇನೆ. "ಹೋಗುವಾಗ ಇಳಿಜಾರು, ಬರುವಾಗ ಏರು" ಎಂದವರಿಗೆ ಹಿಂದಿನ ಹಲ್ಲುಚಕ್ರ ಸ್ವಲ್ಪ ದೊಡ್ಡದು ಹಾಕಿಕೊಡುತ್ತೇನೆ. ಮಂಡಿ ಅವರದಾದರೂ ಮಾತು ಬರುವುದು ನನಗೆ.

ತಂಗಿ ಆಸ್ಪತ್ರೆಯಲ್ಲಿ ನರ್ಸು. ಅವಳ ಸೈಕಲ್ಲಿನ ಫ್ರೇಮು ನಾನು ಕೈಯಾರೆ ಬೆಸುಗೆ ಹಾಕಿದ ಮೊಟ್ಟಮೊದಲನೆಯದು. ನೋಂದಣಿಗೆ ಒಯ್ದ ದಿನ ಕಚೇರಿಯ ಅಧಿಕಾರಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಊರಿನವರು ಅವರನ್ನು ಬ್ರೇಕ್ ಸಾಹೇಬರು ಎನ್ನುತ್ತಾರೆ.

"ಮುಂದಿನ ಚಕ್ರಕ್ಕೆ ಬ್ರೇಕಿದೆ. ಹಿಂದಿನದಕ್ಕೆ?"

"ಇವಳ ಕಾಲೇ ಬ್ರೇಕು ಸಾರ್."

"ಇಲ್ಲೊಂದು ತೂತು ಕೊರೆದು ಬ್ರೇಕು ಕೂರಿಸಿದರೆ ಮುಗೀತಲ್ಲಮ್ಮ."

"ಆ ಫ್ರೇಮಿಗೆ ತೂತಾ? ಬೇಕಾದ್ರೆ ನನ್ನ ತಲೆಗೆ ಕೊರೀರಿ."

ಅವರು ನನ್ನ ತಲೆಯನ್ನು ನೋಡಿದರು. ನಿಯಮಾವಳಿಯ ಹಾಳೆ ಮಗುಚಿದರು. ತಲೆ ವಾಹನದ ಭಾಗವಲ್ಲವೆಂದೂ, ಫ್ರೇಮು ಬದಲಿಸಲು ತಯಾರಿಸಿದವರ ಒಪ್ಪಿಗೆ ಕಡ್ಡಾಯವೆಂದೂ, ಒಪ್ಪಿಗೆ ಇಲ್ಲವಾದ್ದರಿಂದ ಕಾಲನ್ನೇ ಬ್ರೇಕೆಂದು ಪರಿಗಣಿಸಬಹುದೆಂದೂ ತಿಳಿಸಿದರು. ತಂಗಿಯ ಎರಡೂ ಮೀನಖಂಡಗಳ ಮೇಲೆ ಮುದ್ರೆ ಬಿತ್ತು. ಅವಳು ಅಂದಿನಿಂದ ಉದ್ದನೆಯ ಕಾಲುಚೀಲ ಹಾಕತೊಡಗಿದಳು. ನಾನು ಗೆದ್ದೆನೆಂದು ಅಂಗಡಿಗೆ ಬಂದು ಟೀ ಕುಡಿದೆ.

ಕೆಲವು ವರ್ಷ ಎಲ್ಲ ನೆಟ್ಟಗಿತ್ತು. ಆಮೇಲೆ ಬೇರೆ ಊರಿನ ಮಕ್ಕಳ ಆಸ್ಪತ್ರೆಯಲ್ಲಿ ತಂಗಿಗೆ ವಾರ್ಡಿನ ಮುಖ್ಯ ನರ್ಸಾಗಿ ಕೆಲಸ ಸಿಕ್ಕಿತು. ನರ್ಸಿಂಗ್ ಕಲಿಯುವಾಗಿನಿಂದ ಅವಳು ಕಣ್ಣಿಟ್ಟಿದ್ದ ಕೆಲಸ. ಮನೆಯೂ ಆಸ್ಪತ್ರೆಯ ಆವರಣದಲ್ಲೇ. ಸೈಕಲ್ಲಿನ ಅಗತ್ಯವಿಲ್ಲವೆಂದು ಅದನ್ನು ಬೇಕರಿಯವನಿಗೆ ಮಾರಿದಳು. ಬೆಳಿಗ್ಗೆ ಮನೆಮನೆಗೆ ಬ್ರೆಡ್ಡು ಹಾಕಲು ಅವನಿಗೆ ಗಟ್ಟಿಮುಟ್ಟಾದ ಸೈಕಲ್ಲು ಬೇಕಿತ್ತು. ಹೆಸರು ವರ್ಗಾಯಿಸಲು ಮೂವರೂ ಕಚೇರಿಗೆ ಹೋದೆವು.

ಬ್ರೇಕ್ ಸಾಹೇಬರು ಗೋಡೆಯ ಮೇಲಿದ್ದ ಪ್ರಕಟಣೆಯತ್ತ ಬೆರಳು ತೋರಿಸಿದರು.

"ಸಾರ್ವಜನಿಕರ ಗಮನಕ್ಕೆ. ವಾಹನವನ್ನು ಎಲ್ಲಾ ನೋಂದಾಯಿತ ಬಿಡಿಭಾಗಗಳ ಸಮೇತ ಹಸ್ತಾಂತರಿಸತಕ್ಕದ್ದು. ಬಿಡಿಭಾಗಗಳು ಮಾತನಾಡುವ ಸ್ಥಿತಿಯಲ್ಲಿದ್ದಲ್ಲಿ, ಸದರಿ ಬಿಡಿಭಾಗಗಳ ಹೇಳಿಕೆಯನ್ನು ಪ್ರತ್ಯೇಕವಾಗಿ ಪರಿಗಣಿಸಲಾಗುವುದಿಲ್ಲ."

"ಅಕ್ಕಾ, ನನ್ನನ್ನೂ ಮಾರ್ತಿದಾರಾ?" ಎಂದು ತಂಗಿ ಪಿಸುಗುಟ್ಟಿದಳು.

"ಛೇ, ನಿಮ್ಮನ್ನಲ್ಲ," ಎಂದರು ಸಾಹೇಬರು ಮೃದುವಾಗಿ. "ಮಂಡಿಯಿಂದ ಕೆಳಗೆ ಮಾತ್ರ."

ಬೇಕರಿಯವನು ಮುಂದೆ ಬಂದ. "ನನಗೆ ಸೈಕಲ್ಲಷ್ಟೇ ಸಾಕು ಸಾರ್. ಕಾಲು ನನ್ನ ಹತ್ರ ಇದಾವೆ."

"ಇರಬಹುದು. ಯಾವ ಕಂಪನಿಯವು?"

"ಕಂಪನಿಯವಲ್ಲ ಸಾರ್. ಮನೇಲೇ ಆಗಿದ್ದು."

ಸಾಹೇಬರು ಮತ್ತೆ ನಿಯಮಾವಳಿಯ ಹಾಳೆ ಮಗುಚಿದರು. ಹಾಗಾದರೆ ಇದು ಬರೀ ಮಾರಾಟವಲ್ಲ, ಬ್ರೇಕು ಮೇಲ್ದರ್ಜೆಗೇರಿಸಿ ಮಾಡುವ ಮಾರಾಟ ಎಂದು ತೀರ್ಮಾನಿಸಿದರು. ಹೊಸ ಬ್ರೇಕು ಹಳೆಯದಕ್ಕಿಂತ ಕಡಿಮೆಯದಾಗಿರಕೂಡದು. ಹಳೆಯ ಬ್ರೇಕನ್ನು, ವಿಲೇವಾರಿ ಆಗುವವರೆಗೆ, ಕಚೇರಿಯ ಉಗ್ರಾಣಕ್ಕೆ ಒಪ್ಪಿಸಬೇಕು.

ಹೊಸ ಬ್ರೇಕಿನ ಪರೀಕ್ಷೆ ಕಚೇರಿಯ ಮುಂದಿನ ಇಳಿಜಾರಿನಲ್ಲಿ ನಡೆಯಿತು. ಬೇಕರಿಯವನನ್ನು ಮೊದಲ ಸಲ ಕಾಂಪೌಂಡ್ ಗೋಡೆ ನಿಲ್ಲಿಸಿತು. ಗೋಡೆ ನೋಂದಾಯಿತ ಬಿಡಿಭಾಗವಲ್ಲದ್ದರಿಂದ ಆ ನಿಲುಗಡೆ ಲೆಕ್ಕಕ್ಕೆ ಬರಲಿಲ್ಲ. ಎರಡನೆಯ ಸಲ ತಾನೇ ನಿಂತ. ಮೈಕೈ ಒರೆಸಿಕೊಂಡು, ಮುದ್ರೆ ಹಾಕಿಸಿಕೊಂಡು, ಸೈಕಲ್ಲು ಹತ್ತಿ ಹೋದ. ತಂಗಿ ಉಗ್ರಾಣದ ಬಾಗಿಲಲ್ಲಿ ನಿಂತಳು. ಉಗ್ರಾಣ ನೋಡಿಕೊಳ್ಳುತ್ತಿದ್ದ ಮುದುಕರೊಬ್ಬರು ಕನ್ನಡಕ ಏರಿಸಿದರು.

"ಸಾಮಾನು ಎಲ್ಲಮ್ಮ ಇದೆ?"

"ನನ್ನ ಕಾಲೇ ತಾತ."

"ಸರಿ, ಇಡಿ. ಮಂಡಿಯ ಮೇಲಿನದಕ್ಕೆ ನಾವು ಜವಾಬ್ದಾರರಲ್ಲ."

"ಅದನ್ನ ಎಲ್ಲಿಡಲಿ?"

"ಅದು ನಿಮ್ಮ ಖಾಸಗಿ ವಿಷಯ. ಕುರ್ಚಿ ಮನೆಯಿಂದ ತರಬೇಕು."

ಕುರ್ಚಿ ನಾನೇ ತಂದೆ. ಒಂದು ಕಡೆ ತುಕ್ಕು ಹಿಡಿದ ಚೈನುಗಳ ರಾಶಿ, ಇನ್ನೊಂದು ಕಡೆ ಸೊಟ್ಟಗಾದ ಚಕ್ರಗಳು, ನಡುವೆ ತಂಗಿ. ಹಳೆಯ ರಬ್ಬರಿನ ವಾಸನೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ಸೋಮವಾರ ಸೇರ್ಕೋಬೇಕು. ಒಂದೇ ಒಂದು ತೂತು. ಹಿಂದೆ ಒಂದು ಕಬ್ಬಿಣದ ಬ್ರೇಕು ಕೂತರೆ, ಕಾಲು ಬ್ರೇಕೇ ಅಲ್ಲ ಅಂತ ಬರೀತಾರಂತೆ. ನೀನು ಹ್ಞೂಂ ಅಂದ್ರೆ ಸಾಕು."

"ಇವತ್ತು ಒಂದು ತೂತು ಅಂತಾರೆ. ನಾಳೆ ಬೆಲ್ಲಿಗೊಂದು, ದೀಪಕ್ಕೊಂದು. ಅದು ಫ್ರೇಮೋ, ಜರಡಿಯೋ?"

"ಫ್ರೇಮು ಈಗ ನಂದೂ ಅಲ್ಲ, ನಿಂದೂ ಅಲ್ಲ. ಬೇಕರಿಯವರದು!"

"ಮಾರಿರೋದು ನೀನು. ಮಾಡಿರೋದು ನಾನು."

ಅವಳು ಕೈ ಬಿಟ್ಟಳು.

ಸೋಮವಾರ ಬಂತು, ಹೋಯಿತು. ಮಕ್ಕಳ ಆಸ್ಪತ್ರೆಯವರು ಒಳ್ಳೆಯವರು. ಕಾಲುಗಳು ಕಚೇರಿಯ ವಶದಲ್ಲಿದ್ದರೆ ಅವಳ ಉಳಿದ ಭಾಗವನ್ನಾದರೂ ಕಳಿಸಬಹುದೇ ಎಂದು ಫೋನಿನಲ್ಲಿ ವಿಚಾರಿಸಿದರು. ಸಾಧ್ಯವಿಲ್ಲವೆಂದು ತಿಳಿದಾಗ ವಿಷಾದಿಸಿ, ಆ ಕೆಲಸಕ್ಕೆ ಪೂರ್ಣ ಪ್ರಮಾಣದಲ್ಲಿ ಲಭ್ಯವಿರುವ ಬೇರೆಯವರನ್ನು ತೆಗೆದುಕೊಂಡರು. ಸುದ್ದಿ ಹೇಳಿದಾಗ ತಂಗಿ ಅಳಲಿಲ್ಲ. ಡಬ್ಬಿಯಲ್ಲಿದ್ದ ಊಟ ಮುಗಿಸಿ, ಕೈ ತೊಳೆದು, ಪಕ್ಕದ ಸೊಟ್ಟ ಚಕ್ರವನ್ನು ಗೋಡೆಗೆ ನೇರವಾಗಿ ಒರಗಿಸಿದಳು.

ಮಾರನೆಯ ದಿನ ಹೋದಾಗ ಚಕ್ರಗಳೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು. ಅದರ ಮಾರನೆಯ ದಿನ ಪ್ರತಿಯೊಂದರ ಕೊರಳಿಗೂ ಒಂದು ಚೀಟಿ, ಏನು ಪೆಟ್ಟಾಗಿದೆ, ಯಾವಾಗ ಬಂತು, ಹೇಗಿದೆ ಎಂದು. ಚೈನುಗಳಿಗೆ ಹೊತ್ತುಹೊತ್ತಿಗೆ ಎಣ್ಣೆ. ಉಗ್ರಾಣದ ಮುದುಕರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರತೊಡಗಿದರು.

ಅವರು ನಿವೃತ್ತರಾದಾಗ ಆ ಜಾಗಕ್ಕೆ ಯಾರು ಎಂಬ ಪ್ರಶ್ನೆ ಎದ್ದಿತು. ಕಚೇರಿಯಲ್ಲಿ ಒಂದು ದಿನವೂ ಗೈರುಹಾಜರಾಗದವರು ತಂಗಿ ಒಬ್ಬಳೇ ಎಂಬುದು ಪರಿಶೀಲನೆಯಿಂದ ಕಂಡುಬಂತು. ಅವಳನ್ನೇ ನೇಮಿಸಿದರು. ಉಗ್ರಾಣದ ಸಾಮಾನು ಉಗ್ರಾಣದ ಕೆಲಸಕ್ಕೇ ಬಳಕೆಯಾಗುತ್ತಿರುವುದರಿಂದ ಅವಳ ಕಾಲುಗಳ ವಿಲೇವಾರಿಯ ಅಗತ್ಯ ಉಳಿಯಲಿಲ್ಲ. ಸಾಹೇಬರು ಸಿಹಿ ಹಂಚಿದರು. ನಾನೂ ತಿಂದೆ.

ಈಗ ನನ್ನ ಸೈಕಲ್ಲುಗಳಿಗೆ ಬೇಡಿಕೆ ಹೆಚ್ಚಾಗಿದೆ. ಮುದ್ರೆಯಿರುವ ಕಾಲು ಎಂದರೆ ಜನರಿಗೆ ಒಂದು ಗೌರವ. ಸಂಬಂಧ ನೋಡಲು ಬಂದವರು ಹುಡುಗನ ಪ್ಯಾಂಟು ಮೇಲೆತ್ತಿಸಿ ನೋಡುತ್ತಾರೆಂದು ಕೇಳಿದ್ದೇನೆ.

ನನ್ನ ಮಂಡಿಗೂ ವಯಸ್ಸಾಯಿತು. ನನ್ನ ಮುದ್ರೆಯ ಕಾಲುಗಳೇ ಬ್ರೇಕಾಗಿದ್ದ, ನಾನು ದಿನಾ ಓಡಿಸುತ್ತಿದ್ದ ಸೈಕಲ್ಲನ್ನು ಎದುರು ಮನೆಯ ಟೀಚರಿಗೆ ಮಾರಿದೆ. ಅವರು ಇಳಿಜಾರಿನಲ್ಲಿ ಮೊದಲ ಸಲಕ್ಕೇ ನಿಂತರು. ನಾನು ಕುರ್ಚಿ ಹೊತ್ತುಕೊಂಡು ಉಗ್ರಾಣಕ್ಕೆ ಹೋದೆ.

ತಂಗಿ ತಲೆ ಎತ್ತಲಿಲ್ಲ. "ಕಾಲು ಒರೆಸ್ಕೊಂಡು ಬನ್ನಿ."

"ಲೇ, ನಾನು ಕಣೇ. ನಿನ್ನ ಅಕ್ಕ."

"ಮಂಡಿಯ ಮೇಲಿನ ಸಂಬಂಧಗಳನ್ನ ಇಲ್ಲಿ ಪರಿಗಣಿಸೋದಿಲ್ಲ."

ಚಕ್ರಗಳ ಸಾಲು ದಾಟಿಸಿ, ಮೂಲೆಯಲ್ಲಿ ತೂತು ಕೊರೆಯುವ ಯಂತ್ರದ ಪಕ್ಕ ನನಗೆ ಜಾಗ ತೋರಿಸಿದಳು. ಕುರ್ಚಿ ಅಲುಗಾಡದಂತೆ ಅದರ ಕಾಲಿನ ಕೆಳಗೆ ರಬ್ಬರಿನ ತುಂಡು ಇಟ್ಟಳು. ನನ್ನ ಮಂಡಿಗೆ ಒಂದು ಚೀಟಿ ಕಟ್ಟಿದಳು. ಆಮೇಲೆ ನಿಯಮದ ಪ್ರಕಾರ ಕೇಳಲೇಬೇಕಾದ್ದನ್ನು ಕೇಳಿದಳು.

"ಟೀಚರ ಸೈಕಲ್ಲಿನ ಫ್ರೇಮಿಗೆ ತೂತು ಕೊರೆಯಲು ತಯಾರಕರ ಒಪ್ಪಿಗೆ ಇದೆಯೇ? ಇದ್ದರೆ ಸಂಜೆಗೇ ಮನೆಗೆ ಹೋಗಬಹುದು."

"ಇಲ್ಲ."

"ಇಲ್ಲ," ಎಂದು ಬರೆದುಕೊಂಡಳು. ಎಣ್ಣೆಯ ಡಬ್ಬಿ ತೆಗೆದುಕೊಂಡು ಚೈನುಗಳ ಕಡೆಗೆ ಹೋದಳು. ನಾನು ಕುರ್ಚಿಯನ್ನು ಕಿಟಕಿಯತ್ತ ತಿರುಗಿಸಿಕೊಂಡೆ. ರಸ್ತೆಯಲ್ಲಿ ಬೇಕರಿಯವನು ಇಳಿಜಾರಿಳಿಯುತ್ತಿದ್ದ. ಫ್ರೇಮು ಬಿಸಿಲಿಗೆ ಹೊಳೆಯಿತು. ಎಲ್ಲೂ ಒಂದು ತೂತೂ ಇರಲಿಲ್ಲ.