ಟಗರಿಗೆ ಹಚ್ಚಿದ ಔಷಧಿ

ಕೈರವಾನ್ ಊರಿನ ಶಾಲಾ ಮೇಷ್ಟ್ರು ಲಮೀನರಿಗೆ ಅಂದು ಬೆಳಿಗ್ಗೆ ಒಂದು ಹೇನು ಸಿಕ್ಕಿತು. ತಲೆಯಲ್ಲಿ ಸಿಕ್ಕಿದ್ದರೆ ಕತೆಯೇ ಇರುತ್ತಿರಲಿಲ್ಲ. ಸಿಕ್ಕಿದ್ದು ಸೊಂಟದ ಕೆಳಗೆ, ಹೇಳಿಕೊಳ್ಳಲಾಗದ ಜಾಗದಲ್ಲಿ. ಏಡಿಮರಿಯ ಹಾಗೆ ಕೂದಲು ಕಚ್ಚಿ ಕೂತಿತ್ತು.

ಹೆಂಡತಿ ವಸೀಲಾ ಮೂರು ವಾರ ತವರಿನಲ್ಲಿದ್ದು ಸಂಜೆಯ ಬಸ್ಸಿಗೆ ಬರುವವಳು. ಈ ಜಾತಿಯ ಹೇನು ಹಾಸಿಗೆಯಲ್ಲೇ ಒಬ್ಬರಿಂದ ಒಬ್ಬರಿಗೆ ಹತ್ತುವುದೆಂದು ಊರಿಗೆಲ್ಲ ಗೊತ್ತು. ಮೇಷ್ಟ್ರು ಪರಸ್ತ್ರೀಯನ್ನು ಕಣ್ಣೆತ್ತಿ ನೋಡಿದವರಲ್ಲ. ಆದರೆ ಯಾವ ಆಣೆ ಇಟ್ಟರೆ ವಸೀಲಾ ನಂಬಿಯಾಳು? ಸಂಜೆಯೊಳಗೆ ತೊಲಗಿಸಬೇಕು.

ಔಷಧಿ ಅಂಗಡಿಯಲ್ಲಿದ್ದವಳು ಅವರ ಹಳೆಯ ಶಿಷ್ಯೆ. ಹೇನಿನ ಔಷಧಿ ಎಂದು ಮೇಷ್ಟ್ರು ಪಿಸುಗುಟ್ಟಿದರೆ, ಮಗ್ಗಿ ಒಪ್ಪಿಸುವಷ್ಟು ಗಟ್ಟಿಯಾಗಿ ಕೇಳಿದಳು: "ತಲೆಗಾ ಮೇಷ್ಟ್ರೇ, ಕೆಳಗಾ?"

ಸಾಲಿನಲ್ಲಿದ್ದವರ ಕಿವಿಗಳೆಲ್ಲ ನಿಮಿರಿದವು. ಬೆನ್ನ ಹಿಂದೆಯೇ ಪಕ್ಕದ ಮನೆಯ ಹಾಜಿ ಶಾದ್ಲಿ.

"ಟಗರಿಗಮ್ಮಾ," ಎಂದರು ಮೇಷ್ಟ್ರು. "ಹಬ್ಬದ ಟಗರಿಗೆ."

ಬಕ್ರೀದಿಗೆ ನಾಲ್ಕೇ ದಿನ. ಬೀದಿಯಲ್ಲಿ ಮಾಳಿಗೆಗೊಂದು ಟಗರು. ಹೇನು ಮಾಳಿಗೆ ದಾಟಿ ತಮ್ಮ ಟಗರಿಗೂ ಬಂದೀತೆಂದು ಹೆದರಿದ ಹಾಜಿ, ಅವಳು ಕೊಟ್ಟ ಬಾಟಲಿ ಕಸಿದುಕೊಂಡು ಮುಂದೆ ನಡೆದರು. ಮೇಷ್ಟ್ರ ಮಾಳಿಗೆ ಹತ್ತುವಷ್ಟರಲ್ಲಿ ಹಿಂದೆ ಮದುವೆ ದಿಬ್ಬಣದಷ್ಟು ಜನ. ಒಬ್ಬರು ಕೊಂಬು ಹಿಡಿದರು, ಒಬ್ಬರು ಬಾಲ ಎತ್ತಿದರು. ಒಂದು ಹೇನೂ ಸಿಗಲಿಲ್ಲ. ಅಷ್ಟು ಆಳಕ್ಕಿಳಿದಿವೆ ಎಂದು ತೀರ್ಮಾನಿಸಿ ಉಣ್ಣೆ ಕತ್ತರಿಸಿ, ಬಾಟಲಿಯನ್ನು ಪೂರ್ತಿ ಬೋರಲು ಹಾಕಿದರು. ಸುಟ್ಟು ಸಿಪ್ಪೆ ಸುಲಿದ ಬದನೆಕಾಯಿಯಂತೆ ನಿಂತ ಟಗರು ಮೇಷ್ಟ್ರನ್ನೇ ನೋಡುತ್ತಿತ್ತು. ಔಷಧಿ ಬಿದ್ದದ್ದನ್ನು ಈ ಹಬ್ಬಕ್ಕೆ ಕೊಯ್ಯುವಂತಿಲ್ಲ ಎಂದು ಹಾಜಿಯವರಿಗೆ ಆಮೇಲೆ ನೆನಪಾಯಿತು.

ಇನ್ನೊಂದು ಬಾಟಲಿಗೆ ಓಡಿದರೆ, ಇದ್ದದ್ದು ಅದೊಂದೇ ಎಂದಳು ಶಿಷ್ಯೆ. ಟಗರಿನ ಆರೋಗ್ಯವನ್ನೂ ವಿಚಾರಿಸಿದಳು.

ಬೋಳಿಸಿಯೇ ಬಿಡೋಣವೆಂದು ಮೇಷ್ಟ್ರು ಕ್ಷೌರದ ಕತ್ತಿ ಹಿಡಿದು ಬಚ್ಚಲಿಗೆ ಹೊರಟರೆ, ಬಾಗಿಲಲ್ಲಿ ಸಂಜೆಯ ಬಸ್ಸಿಳಿದು ಬಂದ ವಸೀಲಾ. ಬೀದಿಯ ತುದಿಯಲ್ಲೇ ಹಾಜಿ ಅವಳಿಗೆ ಎಲ್ಲ ಹೇಳಿ ಮುಗಿಸಿದ್ದರು.

ಗಂಟು ಕೆಳಗಿಟ್ಟು, ಗಂಡನ ಮುಖ ನೋಡದೆ ಅವಳು ಮೆಲ್ಲಗೆ ಅಂದಳು: "ರೀ, ನಂಗೂ ಒಂದು ತಿಂಗಳಿಂದ ಅದೇ ತುರಿಕೆ. ನಿಮಗೆ ಹೇಗೆ ಹೇಳೋದು ಅಂತಲೇ ಅಮ್ಮನ ಮನೆಗೆ ಹೋಗಿದ್ದು. ಎಲ್ಲಾ ಆ ಟಗರಿಂದಲೇ, ಅಲ್ವಾ?"

ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ತುರಿಕೆ ಬಂದು ತಿಂಗಳು. ಟಗರು ಬಂದು ಎಂಟು ದಿನ. ಬಾಯಿ ತೆರೆದರು. ಆದರೆ ಟಗರನ್ನು ಬಿಟ್ಟರೆ ಅವರ ಹೇನಿಗೂ ಬೇರೆ ಹುಟ್ಟೂರಿರಲಿಲ್ಲ.

"ಹೌದು ಕಣೇ," ಎಂದರು. "ಟಗರಿಂದಲೇ."