ಸೂರ್ಯ ಕುಗ್ಗಿದ ಆಷಾಢ

ನಮ್ಮ ಚಿಕ್ಕಪ್ಪನವರಿಗೆ ಸೂರ್ಯನ ಮೇಲೆ ನಂಬಿಕೆಯಿಲ್ಲ. ದೇವರನ್ನು ನಂಬುತ್ತಾರೆ; ಚಿಂತಾಮಣಿ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆಂದೂ ನಂಬುತ್ತಾರೆ. ಸೂರ್ಯನನ್ನು ಮಾತ್ರ ಬಾಗಿಲ ಸಂದಿಯಿಂದ, ಸಾಲ ವಸೂಲಿಗೆ ಬಂದವನನ್ನು ನೋಡಿದಂತೆ ನೋಡುತ್ತಾರೆ. ಶಿಡ್ಲಘಟ್ಟದಲ್ಲಿ ಇಡೀ ಆಯುಷ್ಯ ವಿಜ್ಞಾನದ ಮೇಷ್ಟರಾಗಿದ್ದವರು ಹೀಗಾಗಬಹುದೇ? ಆಗಬಹುದು. ಡಿಗ್ರಿ ತೋರಿಸಿದೊಡನೆ ಎದ್ದು ಹೋಗುವಷ್ಟು ಮರ್ಯಾದಸ್ಥನಲ್ಲ ಭಯ.

ಹೋದ ವರ್ಷ ಚಿಕ್ಕಮ್ಮನ ಎದೆಯೊಳಗೆ ಪೇಸ್‌ಮೇಕರ್ ಕೂರಿಸಿದರು. ಮನೆಗೆ ಕಳಿಸುವಾಗ ಡಾಕ್ಟರು, ಅಯಸ್ಕಾಂತದಿಂದ ಒಂದಿಷ್ಟು ದೂರವಿರಿ ಎಂದರು. ಅಷ್ಟೇ! ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿದ್ದ ತಿಮ್ಮಪ್ಪ ಪಕ್ಕದ ಮನೆಗೆ ಗಡೀಪಾರಾದ. ಸ್ಪೀಕರಿನಲ್ಲಿ ಅಯಸ್ಕಾಂತವಿದೆಯೆಂದು ರೇಡಿಯೋ ಕೊಟ್ಟಿಗೆ ಸೇರಿತು. ಅಂದಿನಿಂದ ಪ್ರದೇಶ ಸಮಾಚಾರ ಕೇಳುವವಳು ನಮ್ಮ ಹಸು.

ಇಷ್ಟರಲ್ಲೇ ನಿಲ್ಲುತ್ತಿತ್ತೇನೋ. ಆದರೆ ಪೇಪರಿನವರು ಒಂದು ಲೇಖನ ಹಾಕಿಬಿಟ್ಟರು. ಸೂರ್ಯನ ಹೊಟ್ಟೆಯಲ್ಲಿ ಕುದಿಯುವ ಅನಿಲ ಸುತ್ತಿ ಸುತ್ತಿ ಕಾಂತಕ್ಷೇತ್ರ ಹುಟ್ಟುತ್ತದಂತೆ. ಹನ್ನೊಂದು ವರ್ಷಕ್ಕೊಮ್ಮೆ ಅದು ಕೆರಳುತ್ತದಂತೆ. ಕೆರಳಿದಾಗ ಸೂರ್ಯನ ತ್ರಿಜ್ಯ ತುಸುವೇ ತುಸು ಕುಗ್ಗುತ್ತದಂತೆ. ಚಿಕ್ಕಪ್ಪ ಪೇಪರು ಮಡಿಸಿಟ್ಟು ಬಾಗಿಲು ಮುಚ್ಚಿದರು. ಮನೆಯ ಅಯಸ್ಕಾಂತಗಳನ್ನೆಲ್ಲ ಓಡಿಸಿದ ಮೇಲೆ ನೋಡಿದರೆ, ಎಲ್ಲಕ್ಕಿಂತ ದೊಡ್ಡದು ದಿನಾ ಬೆಳಿಗ್ಗೆ ಪೂರ್ವದಲ್ಲಿ ಹುಟ್ಟುತ್ತಿದೆ!

ಇನ್ನು ಸೂರ್ಯನನ್ನು ಅಳೆಯುವುದೊಂದೇ ದಾರಿ. ಹಿತ್ತಿಲಲ್ಲಿ ರೇಷ್ಮೆಯ ಹುಳುಮನೆಯಿದೆ. ಹುಳುಗಳಿಗೆ ತಂಪಿರಲೆಂದು ಕಿಟಕಿಗೆಲ್ಲ ಗೋಣಿತಾಟು ಕಟ್ಟಿ ಕತ್ತಲು ಮಾಡಿರುತ್ತಾರೆ. ಸೂರಿನ ಶೀಟಿನಲ್ಲೊಂದು ಮೊಳೆತೂತು. ಅದರಿಂದ ನಡುಮಧ್ಯಾಹ್ನ ನೆಲದ ಮೇಲೆ ಬಿಸಿಲಿನ ಬಿಲ್ಲೆ ಬೀಳುತ್ತದೆ. ಅದು ಸೂರ್ಯನದೇ ಬಿಂಬ. ಸಂಕ್ರಾಂತಿಯ ಮಾರನೆಯ ದಿನ ಚಿಕ್ಕಪ್ಪ ರಟ್ಟಿನಲ್ಲಿ ಅದರ ಅಳತೆ ಕತ್ತರಿಸಿಕೊಂಡರು. ಬಿಲ್ಲೆ ರಟ್ಟನ್ನು ತುಂಬಿದರೆ ಚಿಕ್ಕಮ್ಮ ಅಂಗಳಕ್ಕೆ ಬರಬಹುದು, ಹುಳು ಗೂಡು ಕಟ್ಟುವ ಚಂದ್ರಂಕಿ ತೊಳೆದು ಒಣಗಿಸಬಹುದು. ತುಂಬದಿದ್ದರೆ ಸೂರ್ಯ ಕೆರಳಿದ್ದಾನೆಂದು ಅರ್ಥ, ಗೃಹಬಂಧನ.

ಬೇಸಿಗೆಯಿಂದಾಚೆಗೆ ಬಿಲ್ಲೆ ರಟ್ಟನ್ನು ತುಂಬಲೇ ಇಲ್ಲ. ಅದೇ ದಿನಗಳಲ್ಲಿ ಚಿಕ್ಕಮ್ಮ ಅಡುಗೆಮನೆಯಲ್ಲಿ ತಲೆಸುತ್ತಿ ಕೂತರು. ಯಂತ್ರದ ತಪಾಸಣೆಗೆ ಕರೆತನ್ನಿ, ತಡ ಮಾಡಬೇಡಿ ಎಂದು ಆಸ್ಪತ್ರೆಯವರು ಫೋನಿನ ಮೇಲೆ ಫೋನು ಮಾಡಿದರು. ಚಿಕ್ಕಪ್ಪ ಮೋಡ ಮುಚ್ಚಲಿ ಎನ್ನುತ್ತಾ ದಿನ ದೂಡಿದರು. ಕೊನೆಗೆ ನಾನು ಗೌರಿಬಿದನೂರಿನಿಂದ ಕಾರು ತಂದೆ.

ನನ್ನ ದುರದೃಷ್ಟ, ಆಷಾಢವೆಂಬ ಆಷಾಢದಲ್ಲಿ ಅಂದು ಚೂರು ಮೋಡವಿಲ್ಲ. ಚಿಕ್ಕಪ್ಪ ನನ್ನನ್ನು ಹುಳುಮನೆಗೆ ಎಳೆದೊಯ್ದು ರಟ್ಟು ಹಿಡಿದರು. ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು ಬಿಟ್ಟರೆ ಬೇರೇನಿಲ್ಲ. ಬಿಲ್ಲೆ ನಿಜವಾಗಿಯೂ ಚಿಕ್ಕದಾಗಿತ್ತು! ಸಂಕ್ರಾಂತಿಯಲ್ಲಿ ಮೊಟ್ಟೆಯಂತಿದ್ದವನು ಈಗ ಗುಂಡಗೆ ಮುದುಡಿದ್ದ. ಸುಳ್ಳೇಕೆ, ನಾನೂ ರಟ್ಟನ್ನು ಇನ್ನೊಮ್ಮೆ ಹಿಡಿದು ನೋಡಿದೆ. ಹೈಸ್ಕೂಲು ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು.

“ಚಿಕ್ಕಪ್ಪ, ಸಂಕ್ರಾಂತೀಲಿ ಬಿಸಿಲು ಓರೆಯಾಗಿ ಬೀಳ್ತಿತ್ತು, ಅದಕ್ಕೆ ಉದ್ದಕ್ಕಿತ್ತು. ಈಗ ನೆತ್ತಿ ಮೇಲಿದಾನೆ. ಭೂಮೀನೂ ಈಗ ಅವನಿಂದ ದೂರ ಇದೆ. ಅವನು ನಿಜವಾಗಿ ಕುಗ್ಗಿದ್ರೂ ಈ ರಟ್ಟಿಗೆ ಗೊತ್ತಾಗಲ್ಲ. ಇದನ್ನೆಲ್ಲ ಪಾಠ ಮಾಡಿದ್ದು ನೀವೇ ಅಲ್ವಾ?”

“ಪಾಠ ಮಾಡುವಾಗ ನಿನ್ ಚಿಕ್ಕಮ್ಮನ ಎದೇಲಿ ಬ್ಯಾಟರಿ ಇರ್ಲಿಲ್ಲ ಕಣೋ.”

ರಟ್ಟನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡರು.

ಚಿಕ್ಕಮ್ಮ ಆಗಲೇ ಸೀರೆ ಬದಲಿಸಿ ಮನೆಯ ಹಿತ್ತಿಲ ಬಾಗಿಲಲ್ಲಿ ನಿಂತಿದ್ದರು. “ಅದು ಸರಿಯಾಗಿದೆಯಾ ಅಂತ ಕೇಳಕ್ಕೇ ಹೋಗ್ತಿರೋದು. ಬನ್ರೀ, ಪಕ್ಕದಲ್ಲೇ ಇರಿ,” ಎಂದು ಬಿಸಿಲಿಗೆ ಇಳಿದೇಬಿಟ್ಟರು.

ಚಿಕ್ಕಪ್ಪ ಓಡಿಹೋಗಿ ಅವರಿಗೂ ಸೂರ್ಯನಿಗೂ ನಡುವೆ ನಿಂತರು. ನಡುಮಧ್ಯಾಹ್ನ, ನೆರಳು ಅವರ ಕಾಲನ್ನೇ ದಾಟಲಿಲ್ಲ. ಗಾಬರಿಯಿಂದ ಹೆಗಲ ಟವೆಲ್ಲನ್ನು ಎರಡೂ ಕೈಯಲ್ಲಿ ಅಗಲಿಸಿ ಚಿಕ್ಕಮ್ಮನ ತಲೆಯ ಮೇಲೆ ಹಿಡಿದರು. ಚಿಕ್ಕಮ್ಮ ಅವರಿಗಿಂತ ಒಂದು ಗೇಣು ಎತ್ತರ. ಗಂಡನ ಕೈ ನೋಯದಿರಲೆಂದು, ಕಾರಿನವರೆಗೂ ಬಗ್ಗಿಯೇ ನಡೆದರು.